ಸಾಲಿನ ಕೊನೆಯ ದನಿ

ನನ್ನ ಸೋದರತ್ತೆಯನ್ನು ಊರೆಲ್ಲ ಕೋಲತ್ತೆ ಎಂದು ಕರೆಯುತ್ತಿತ್ತು. ನದಿ ಸಮುದ್ರ ಸೇರುವ ಅಳಿವೆಯ ಈಚೆ ನಮ್ಮ ಮನೆಗಳು, ಆಚೆ ಚರ್ಚು. ನೀರು ಇಳಿದಾಗ ನಡುವೆ ಮರಳ ಬಯಲು ತೆರೆದುಕೊಳ್ಳುತ್ತಿತ್ತು. ಅದರ ಮೇಲೆ ಜನರನ್ನು ದಾಟಿಸುವುದೇ ಅತ್ತೆಯ ಕಸುಬು. ತನಗಿಂತ ಉದ್ದದ ಕೋಲಿನಿಂದ ಮರಳನ್ನು ಚುಚ್ಚಿ ನೋಡುತ್ತ ಅವಳು ಮುಂದೆ ನಡೆಯುವಳು. ಉಳಿದವರು ಅವಳ ಹೆಜ್ಜೆಯಲ್ಲೇ ಹೆಜ್ಜೆಯಿಟ್ಟು ಸಾಲಾಗಿ ಹೋಗಬೇಕು. ಹಗ್ಗ ಹಿಡಿಯುವಂತಿರಲಿಲ್ಲ. ಒಬ್ಬ ಹೂತುಹೋದರೆ ಮಿಕ್ಕವರನ್ನೂ ಎಳೆದುಕೊಂಡೇ ಹೋಗುತ್ತಾನೆ. ಹಗ್ಗದ ಬದಲು ದನಿ ಇತ್ತು. ಮುಂದಿನಿಂದ ಅತ್ತೆ "ಇದ್ದೀರಾ?" ಎಂದು ಕೂಗಿದರೆ ಸಾಲಿನ ಕೊನೆಯವನು ಮಾತ್ರ "ಇದ್ದೀವಿ" ಎನ್ನಬೇಕು. ಕೊನೆಯವನು ಇದ್ದರೆ ಎಲ್ಲರೂ ಇದ್ದ ಹಾಗೆ. ಆ ಕೊನೆಯವನು ಯಾವಾಗಲೂ ಅವಳ ಗಂಡ, ನನ್ನ ಮಾವ.

ದಾರಿಯುದ್ದಕ್ಕೂ ಅವಳ ಉಪದೇಶ ಬೇರೆ. ಪಾದ್ರಿಗಳು ಬಾಯಿ ತೆರೆಯುವ ಮೊದಲೇ ಅರ್ಧ ಪ್ರಸಂಗ ಮುಗಿದಿರುತ್ತಿತ್ತು. "ಗೆರೆಗೆರೆಯಾಗಿ ಒರಟಾಗಿರೋ ಮರಳು ನಿನ್ನ ಹೊರುತ್ತೆ. ನುಣ್ಣಗೆ ಹೊಳೀತಿರುತ್ತಲ್ಲ, ಅದೇ ನುಂಗೋದು. ಪಾಪನೂ ಹಾಗೇ ಕಣೋ." ದಡ ಹತ್ತಿದ ಮೇಲೆ, ಉಬ್ಬರ ಬಂದು ನಮ್ಮ ಹೆಜ್ಜೆಗಳನ್ನು ಅಳಿಸುವುದನ್ನು ತೋರಿಸುವಳು. "ದೇವರು ಕ್ಷಮಿಸೋದು ಅಂದ್ರೆ ಹೀಗೆ. ಒಂದು ಗುರುತೂ ಉಳಿಸಲ್ಲ." ಬೆಳಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಇದನ್ನೆಲ್ಲ ಕೇಳಿ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಒಂದು ಭಾನುವಾರ ನಡುದಾರಿಯಲ್ಲಿ ಮಂಜು ಕವಿಯಿತು. ಅತ್ತೆ ಕೂಗಿದಳು. ಕೊಂಚ ತಡವಾಗಿ "ಇದ್ದೀವಿ" ಎಂದು ಉತ್ತರ ಬಂತು. ದಡ ಹತ್ತಿ ನೋಡಿದರೆ ಮಾವ ಇಲ್ಲ. ಉತ್ತರ ಕೊಟ್ಟವನು ಅವರ ಮುಂದಿದ್ದ ದರ್ಜಿ.

"ಒಂದು ಕಾಲು ಹೂತಿತ್ತು, ಕಿತ್ಕೋತಾ ಇದ್ರು. ನೀನು ನಡಿ ಅಂದ್ರು. ಈಗ ಬರ್ತಾರಲ್ಲ, ಅಕ್ಕ ಸುಮ್ನೆ ಗಾಬರಿ ಆಗೋದು ಯಾಕೆ ಅಂತ ನಾನೇ..." ಎಂದ ಅವನು.

ಅಷ್ಟರಲ್ಲಿ ನೀರು ತಿರುಗಿ ಬಯಲನ್ನು ಮುಚ್ಚಿತ್ತು. ಮಾವನ ದೇಹವೂ ಸಿಗಲಿಲ್ಲ.

ಊರು ದರ್ಜಿಗೆ ಹಿಡಿಶಾಪ ಹಾಕಿತು. ಅತ್ತೆ ಮಾತ್ರ ಕೋಲು ಹಿಡಿಯುವುದನ್ನು ಅವನಿಗೇ ಕಲಿಸಿ, ಮುಂದೆ ನಡೆಸಿ, ತಾನು ಸಾಲಿನ ಕೊನೆಗೆ ಹೋದಳು. ಪಾದ್ರಿಗಳು ಇದನ್ನು ದೀನತೆ ಎಂದು ಹೊಗಳಿದರು. ದೀನತೆಯಂತೆ! ದರ್ಜಿ ಕೂಗಿದಾಗ ಅವಳು "ಇದ್ದೀವಿ" ಎನ್ನುವಳು. ಆಮೇಲೆ ಹಿಂದಕ್ಕೆ ತಿರುಗಿ, ಯಾರೂ ಇಲ್ಲದ ಬಯಲಿಗೆ "ಇದ್ದೀರಾ?" ಎಂದು ತಾನೇ ಕೂಗಿ, ಮೈಯೆಲ್ಲ ಕಿವಿಯಾಗಿ ನಿಲ್ಲುವಳು. ಅವಳ ಮುಂದೆ ನಡೆಯುವವನು ನಾನು. ಉತ್ತರ ಬಂದೇಬಿಟ್ಟರೆ ಇವಳು ಹೋಗಿಯೇ ಬಿಡುತ್ತಾಳೆ ಎಂಬುದು ನನ್ನ ಹೆದರಿಕೆ. ಉಬ್ಬರದ ಪಾಠವನ್ನು ಅವಳು ಮತ್ತೆಂದೂ ಹೇಳಲಿಲ್ಲ.

ಒಮ್ಮೆ ತಾಳ್ಮೆಗೆಟ್ಟು ಕೇಳಿದೆ, "ಆ ದರ್ಜಿ ಮೇಲೆ ನಿಂಗೆ ಸಿಟ್ಟೇ ಬರಲ್ವಾ ಅತ್ತೆ?"

"ಆ ದನಿ ಅವರದಲ್ಲ ಅಂತ ನಂಗೆ ಆಗ್ಲೇ ಗೊತ್ತಾಯ್ತು" ಎಂದಳು. "ಕಟ್ಕೊಂಡವರ ದನಿ ಗೊತ್ತಾಗದೇ ಇರುತ್ತಾ? ನೀರು ತಿರುಗೋ ಹೊತ್ತು. ಸಾಲಲ್ಲಿ ಬಾಣಂತಿ ಇದ್ಲು, ಮಕ್ಕಳಿದ್ರು. ಗೊತ್ತಿಲ್ಲದವಳ ಹಾಗೆ ನಡೆದುಬಿಟ್ಟೆ. ಯೇಸು ಹೇಳಿದ ಕತೇಲಿ ಕುರಿ ಕಾಯೋನು ತಪ್ಪಿಸ್ಕೊಂಡ ಒಂದಕ್ಕೋಸ್ಕರ ಉಳಿದದ್ದನ್ನೆಲ್ಲ ಬಿಟ್ಟು ಹೋದ. ನಾನು ಹೋಗಲಿಲ್ಲ ಕಣೋ."

"ನೀನು ಹೋಗಿದ್ರೆ ನಾವು ಯಾರೂ ಉಳೀತಿರಲಿಲ್ಲ" ಎಂದು ರೇಗಿದೆ.

"ಅದೂ ನಿಜ. ಹಾಗಂತ ನಿದ್ದೆ ಬರುತ್ತಾ?"

ಮತ್ತೊಂದು ಮಂಜಿನ ಭಾನುವಾರ. ದಡ ಇನ್ನೇನು ಹತ್ತಿರವಿತ್ತು. ಅತ್ತೆ ಹಿಂದಕ್ಕೆ ತಿರುಗಿ ಕೂಗಿದಳು. ಮಂಜಿನೊಳಗಿಂದ ಗಂಡಸಿನ ದನಿಯೊಂದು, ಸಣ್ಣಗೆ, "ಇದ್ದೀನಿ" ಎಂದಿತು.

ಯಾರೋ ಶಿಲುಬೆಯ ಗುರುತು ಹಾಕಿಕೊಂಡರು. ಅತ್ತೆ ಸರಸರನೆ ಮುಂದೆ ಹೋಗಿ ದರ್ಜಿಯ ಕೈಯಿಂದ ಕೋಲು ತೆಗೆದುಕೊಂಡಳು. "ಇವರನ್ನ ದಡ ಹತ್ತಿಸು. ಕೂಗ್ತಾ ಇರು, ನಿಲ್ಲಿಸಬೇಡ." ನಾನು ಸೆರಗು ಹಿಡಿದೆ. ಅವಳು ಕೊಸರಿಕೊಂಡು ಮಂಜಿನಲ್ಲಿ ಮರೆಯಾದಳು.

ದಡದಲ್ಲಿ ನಿಂತು ದರ್ಜಿ "ಅಕ್ಕಾ, ಇದ್ದೀರಾ?" ಎಂದು ಕೂಗಿಯೇ ಕೂಗಿದ. ಗಂಟಲು ಒಡೆದು ದನಿ ಕೀರಲಾಯಿತು. ನೀರು ನಮ್ಮ ಕಾಲಬುಡಕ್ಕೆ ಬಂದಾಗ ಅತ್ತೆ ಕಾಣಿಸಿದಳು, ಸೊಂಟದವರೆಗೂ ಒದ್ದೆ. ಒಬ್ಬ ಗಂಡಸನ್ನು ಅಂಗಿಯ ಕುತ್ತಿಗೆಪಟ್ಟಿ ಹಿಡಿದು ಎಳೆದು ತರುತ್ತಿದ್ದಳು. ಊರಿಗೆ ಹೊಸದಾಗಿ ಬಂದ ಬಡಗಿ. ತಡವಾಯಿತೆಂದು ನಮ್ಮ ಹೆಜ್ಜೆಗುರುತು ನೋಡಿಕೊಂಡು ಒಬ್ಬನೇ ಹೊರಟವನು, ಮಂಜಿನಲ್ಲಿ ದಾರಿ ತಪ್ಪಿದ್ದ. "ಯಾರೋ ಕರೆದ ಹಾಗಾಯ್ತು..." ಎಂದು ಗಡಗಡ ನಡುಗುತ್ತಿದ್ದ.

ಪಾದ್ರಿಗಳು ಓಡಿ ಬಂದು ಅತ್ತೆಗೆ ಶಾಲು ಹೊದಿಸಿದರು. ಅವರ ಕಣ್ಣಲ್ಲಿ ಮುಂದಿನ ವಾರದ ಪ್ರಸಂಗ ಆಗಲೇ ತಯಾರಾಗುತ್ತಿತ್ತು. "ಕಳೆದುಹೋದ ಕುರಿ ಸಿಕ್ತಲ್ಲಮ್ಮ!"

"ಸಿಕ್ತು ಫಾದರ್" ಎಂದಳು ಅತ್ತೆ. "ನನ್ನದಲ್ಲ." ಅಲ್ಲೇ ಕುಸಿದು ಕೂತು, ಮಾವ ಹೋದ ದಿನವೂ ಅಳದಿದ್ದವಳು, ಬಿಕ್ಕಿ ಬಿಕ್ಕಿ ಅತ್ತಳು.

ಸಂಜೆ ನೀರು ಇಳಿಯಿತು, ಮಂಜು ಕರಗಿತ್ತು. ಮನೆಯ ಕಡೆ ಹೊರಟೆವು. ಅತ್ತೆ ಮತ್ತೆ ಕೊನೆಯಲ್ಲೇ. ಅವಳ ಮುಂದೆ ಬಡಗಿ, ಅವನ ಮುಂದೆ ನಾನು. ನಡುದಾರಿಯಲ್ಲಿ ಅವಳು ನಿಂತು ಹಿಂದಕ್ಕೆ ತಿರುಗಿ "ಇದ್ದೀರಾ?" ಎಂದು ಕೂಗಿದಳು. ಒದ್ದೆ ಮರಳು ದೂರದವರೆಗೂ ಬರಿದಾಗಿ ಹೊಳೆಯುತ್ತಿತ್ತು. ಯಾರೂ ಓಗೊಡಲಿಲ್ಲವಲ್ಲ ಎಂದು ಬಡಗಿಗೆ ಪಾಪ ಎನಿಸಿರಬೇಕು. "ಇದ್ದೀ..." ಎಂದು ಬಾಯಿ ತೆರೆದ.

ಸಾಲಿನ ಮುಂದಿನಿಂದ ದರ್ಜಿ ಕೋಲು ಬಿಸಾಡಿ ಓಡಿಬಂದು ಅವನ ಬಾಯಿ ಮುಚ್ಚಿದ.

"ಬೇಡಪ್ಪ" ಎಂದ, ಒಡೆದ ದನಿಯಲ್ಲಿ. "ಅಕ್ಕನ ಯಜಮಾನರ ಬದಲು ಯಾರೂ ಉತ್ತರ ಕೊಡಬಾರದು."

ಅತ್ತೆ ಕೇಳಿಸಿಕೊಳ್ಳುವುದು ಮುಗಿಯುವವರೆಗೂ ನಾವೆಲ್ಲ ಕಾದೆವು.