ಹಾರ ಹಾಕಿಸಿಕೊಂಡ ಸ್ಟ್ರೆಚರ್

ಎಂಬತ್ತರ ದಶಕದ ಕೊನೆಯಲ್ಲಿ, ಮ್ಹಾಪಸಾದಿಂದ ಬಸ್ಸಿನಲ್ಲಿ ಅರ್ಧ ತಾಸು ದೂರದ ಒಂದು ಪಂಚಾಯತಿಯಲ್ಲಿ ನಾನು ಗುಮಾಸ್ತನಾಗಿದ್ದೆ. ಧಾರವಾಡದಿಂದ ನೌಕರಿಗೆಂದು ಗೋವಾಕ್ಕೆ ಹೋದ ನನ್ನ ವಾರಿಗೆಯವರು ಬ್ಯಾಂಕು, ಕಾರ್ಖಾನೆ ಎಂದು ಮೆರೆದರು. ನನ್ನ ಪಾಲಿಗೆ ಬಂದದ್ದು ಜನನ, ಮರಣ, ಮನೆ ನಂಬರು, ಮತ್ತು ಒಂದು ವರ್ಷ ಪ್ರಳಯ. ಖರೇ ಪ್ರಳಯವಲ್ಲ, ಅದರ ಪೂರ್ವಸಿದ್ಧತೆಗೆ ಸರಕಾರ ಕೊಟ್ಟ ಅನುದಾನ.

ಊರಿಗೆ ಯಾವ ಯಾವ ಆಪತ್ತು ಬರಬಹುದೋ ಅವನ್ನೆಲ್ಲ ನಮೂದಿಸಿ ಅರ್ಜಿ ಕಳಿಸಿರಿ ಎಂದು ಸುತ್ತೋಲೆ ಬಂದಿತ್ತು. ನಾನು ನೆರೆ, ಬೆಂಕಿ, ಬಿರುಗಾಳಿ ಬರೆದು, ಇಷ್ಟಕ್ಕೇ ನಿಲ್ಲಿಸಿದರೆ ಊರಿನ ಮರ್ಯಾದೆ ಏನಾದೀತು ಎಂದು ಭೂಕಂಪವನ್ನೂ ಸೇರಿಸಿದೆ. ಸರಪಂಚರು ನಿವೃತ್ತ ಶಾಲಾಮಾಸ್ತರರು, ಸಾವಕಾಶದ ಮನುಷ್ಯ. ಕನ್ನಡಕ ಏರಿಸಿ ಓದಿ, ನಮ್ಮೂರಲ್ಲಿ ಭೂಕಂಪ ಯಾವಾಗ ಆಗಿತ್ತು ಎಂದು ಕೇಳಿದರು. ಇನ್ನೂ ಆಗಿಲ್ಲ, ಅದಕ್ಕೇ ಪೂರ್ವಸಿದ್ಧತೆ ಎಂದೆ. ಅವರು ಕನ್ನಡಕ ಇಳಿಸಿ ಸಹಿ ಹಾಕಿದರು.

ಅನುದಾನ ಬಂದದ್ದು ಮಾರ್ಚ್ ತಿಂಗಳ ಕೊನೆಗೆ. ತಿಂಗಳು ಮುಗಿಯುವುದರೊಳಗೆ ಖರ್ಚಾಗದಿದ್ದರೆ ವಾಪಸು. ನಮ್ಮ ಪಂಚಾಯತಿ ಕಂಡ ಮೊದಲ ತುರ್ತು ಪರಿಸ್ಥಿತಿ ಇದೇ. ಕಚೇರಿಯ ಜವಾನ, ನಮ್ಮ ಪಟ್ಟೆವಾಲಾನನ್ನು ಕರೆದುಕೊಂಡು ಮ್ಹಾಪಸಾ ಪೇಟೆಯೆಲ್ಲ ಸುತ್ತಿ ಹಗ್ಗ, ಕೆಂಪು ಬಣ್ಣದ ಬಕೆಟ್ಟುಗಳು, ಎರಡು ಪೆಟ್ರೋಮ್ಯಾಕ್ಸ್, ಔಷಧದ ಪೆಟ್ಟಿಗೆ, ಮತ್ತು ಎರಡು ಕೋಲುಗಳ ನಡುವೆ ದಪ್ಪ ಕ್ಯಾನ್ವಾಸ್ ಬಿಗಿದ ಒಂದು ಸ್ಟ್ರೆಚರ್ ತಂದೆವು. ಹಿಂದೆಯೇ ಪತ್ರವೂ ಬಂತು: ತಪಾಸಣೆ ಆಗುವವರೆಗೆ ಸಾಮಗ್ರಿಯನ್ನು ಯಥಾಸ್ಥಿತಿಯಲ್ಲಿ ಕಾಯ್ದಿಡತಕ್ಕದ್ದು, ಮುಂದಿನ ಅನುದಾನ ಅದರ ಮೇಲೆ. ಎಲ್ಲವನ್ನೂ ಹಿಂದಿನ ಕೋಣೆಗೆ ಹಾಕಿ, ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡೆ. ಸರಪಂಚರು ಮಗಳ ಮದುವೆಗೆ ಪೆಟ್ರೋಮ್ಯಾಕ್ಸ್ ಕೇಳಿದರು. ಕೊಡಲಿಲ್ಲ. ಮದುವೆ ಆಪತ್ತಿನ ಪಟ್ಟಿಯಲ್ಲಿ ಇರಲಿಲ್ಲ.

ಜೂನ್ ತಿಂಗಳಲ್ಲಿ ಒಬ್ಬ ಹೆಣ್ಣುಮಗಳು ಬಂದಳು. ವಿಜಾಪುರದ ಕಡೆಯಾಕೆ, ಬೀಚಿನ ಮೇಲೆ ಮಣಿಸರ, ಕನ್ನಡಿ ಹಚ್ಚಿದ ಚೀಲ ಮಾರುತ್ತಿದ್ದಳು. ಗಂಡ ಮಡ್ಕಯಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಿದ್ದ. ಸಮುದ್ರದ ನೀರು ಒಳಬರುವ ಖಾಡಿಯ ಒಡ್ಡಿನ ಕೆಳಗಿನ ತಗ್ಗಿನಲ್ಲಿ ಇವರದೂ ಒಂದು ಗುಡಿಸಲು. ಅದರೊಳಗೆ ಸೊಂಟ ಮುರಿದು ನಡೆಯಲಾಗದ ಅತ್ತೆ. ಹಿಂದಿನ ಮಳೆಗಾಲ ನೀರು ನುಗ್ಗಿದಾಗ ಈಕೆ ಮುದುಕಿಯನ್ನು ಬೆನ್ನ ಮೇಲೆ ಹೊತ್ತು ಹೊರಟು, ಕಾಲು ಜಾರಿ ಇಬ್ಬರೂ ಬಿದ್ದಿದ್ದರು. ಮತ್ತೊಮ್ಮೆ ಬಿದ್ದರೆ ಮುದುಕಿ ಏಳುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಮಳೆಗಾಲ ಮುಗಿಯುವವರೆಗೆ ಸ್ಟ್ರೆಚರನ್ನು ತನ್ನ ಗುಡಿಸಲಲ್ಲಿ ಇಡಲು ಕೊಡಬೇಕೆಂಬುದು ಆಕೆಯ ಅರ್ಜಿ.

ಅದು ಊರಿನ ಎಲ್ಲರದೂ ಆದ ಕಾರಣ ಯಾರೊಬ್ಬರಿಗೂ ಕೊಡಲು ಬರುವುದಿಲ್ಲ ಎಂದು ವಿವರಿಸಿ ಹೇಳಿದೆ.

“ಹಂಗಾರ ಎಲ್ಲಾರದೂ ಐತಿ, ಯಾರಿಗೂ ಇಲ್ಲ. ತಿಳೀತ್ರಿ ಸಾಹೇಬ್ರ,” ಅಂದು ಹೋದಳು.

ಆ ವರ್ಷದ ಮಳೆಗಾಲ ಸೌಮ್ಯವಾಗಿತ್ತು. ಆದರೂ ದೊಡ್ಡ ಮಳೆಯಾದಾಗೆಲ್ಲ ಆಕೆ ಬಂದು, ಕಿಟಕಿಯಿಂದ ಹಣಿಕಿ ಹಾಕಿ, ಸ್ಟ್ರೆಚರ್ ಇದ್ದಲ್ಲೇ ಇದೆ ಎಂದು ಖಾತ್ರಿ ಮಾಡಿಕೊಂಡು ಹೋಗುತ್ತಿದ್ದಳು. ಅಲ್ಲಿಯವರೆಗೆ ತಪಾಸಣೆ ಅಂದರೆ ಅದೊಂದೇ ನಡೆದದ್ದು.

ಖಂಡೇನವಮಿ ಬಂತು. ಆಯುಧಗಳಿಗೆ ಪೂಜೆ ಆಗಬೇಕಾದ ದಿನ. ಪಂಚಾಯತಿಯ ಆಯುಧ ಯಾವುದು? ಮಸಿಯ ದೌತಿ, ರಬ್ಬರ್ ಸ್ಟಾಂಪು ಎಂದು ಹಿಂದಿನ ವರ್ಷದವರೆಗೆ ನಡೆದಿತ್ತು. ಈ ಸಲ ಆಪತ್ತಿನ ಸಾಮಗ್ರಿಗೇ ಪೂಜೆ ಎಂದು ನಾನೇ ಉತ್ಸಾಹದಿಂದ ಸಾರಿದೆ. ಎಲ್ಲವನ್ನೂ ಸಾಲಾಗಿ ಜೋಡಿಸಿ, ಗಂಧ, ಕುಂಕುಮ ಹಚ್ಚಿ, ಸ್ಟ್ರೆಚರ್ ಎಲ್ಲಕ್ಕಿಂತ ಉದ್ದವಾದ್ದರಿಂದ ಅದಕ್ಕೆ ತಲೆಯಿಂದ ಕಾಲಿನವರೆಗೆ ಚೆಂಡುಹೂವಿನ ಹಾರ ಹಾಕಿದೆವು. ಸರಪಂಚರು ಕ್ರೈಸ್ತರು, ಇಗರ್ಜಿಗೆ ಹೋಗುವವರು. ಅವರೂ ಬಂದು, ಸಹಿ ಹಾಕುವಷ್ಟೇ ಗಂಭೀರವಾಗಿ ಪ್ರಸಾದ ತೆಗೆದುಕೊಂಡು ಹೋದರು. ಪೂಜೆಗೆ ಇಟ್ಟದ್ದನ್ನು ಮರುದಿನದವರೆಗೆ ಎತ್ತುವಂತಿಲ್ಲ ಎಂಬುದು ನಮ್ಮ ಮನೆತನದ ಕಟ್ಟಳೆ. ನಮ್ಮ ಅಪ್ಪ ಆ ದಿನ ಟಪಾಲಿನವನಿಗೂ ಸಹಿ ಮಾಡಿಕೊಡುತ್ತಿರಲಿಲ್ಲ.

ಮಧ್ಯಾಹ್ನ, ಹೋಗಿಯೇಬಿಟ್ಟಿದೆ ಅಂದುಕೊಂಡಿದ್ದ ಮಳೆ ಮರೆತ ಕೊಡೆ ಒಯ್ಯಲು ಬಂದವರಂತೆ ತಿರುಗಿ ಬಂತು. ಖಾಡಿಯಲ್ಲಿ ಸಮುದ್ರ ಉಕ್ಕಿಬರುವ ಭರತದ ಹೊತ್ತು. ಒಡ್ಡಿನ ತೂಬಿನ ಬಾಗಿಲು ಕಿತ್ತುಹೋಯಿತು. ನಾನು, ಪಟ್ಟೆವಾಲಾ ಇಬ್ಬರೂ ಮಳೆ ನಿಲ್ಲಲೆಂದು ಕಚೇರಿಯಲ್ಲೇ ಕೂತಿದ್ದಾಗ ಆಕೆ ತೊಯ್ದುಕೊಂಡು ಬಂದು ಬಾಗಿಲಲ್ಲಿ ನಿಂತಳು.

“ನೀರು ಮೊಣಕಾಲಮಟ ಬಂದೈತ್ರಿ. ಮಂದಿ ಎಲ್ಲಾ ತಮ್ತಮ್ಮ ಮಕ್ಕಳನ್ನ ಹೊತ್ಕೊಂಡು ದಿಬ್ಬಕ್ಕ ಹೋಗ್ಯಾರ. ಅತ್ತಿ ಹೊರಸಿನ ಮ್ಯಾಲ ಅದಾಳ.”

ಬರೆಯಲು ನಾಚಿಕೆಯಾಗುತ್ತದೆ, ನಾನು ಆಗಲೂ ವಿಚಾರ ಮಾಡಿದೆ. ಒಂದು ಕಡೆ ಯಥಾಸ್ಥಿತಿ, ಇನ್ನೊಂದು ಕಡೆ ಖಂಡೇನವಮಿ. ಪೂಜೆಗೆ ಇಟ್ಟದ್ದು ಎಂದು ಏನೋ ಗೊಣಗಿದೆ.

“ಏನ್ ಬೇಡ್ಕೊಂಡು ಪೂಜಿ ಮಾಡೀರಿ?”

“ಎಲ್ಲಾರಿಗೂ ಚಲೋ ಆಗಲಿ ಅಂತ.”

“ಅದರಾಗ ನಮ್ಮತ್ತಿನೂ ಬಂದ್ಲಲ್ರಿ. ಎತ್ರಿ.”

ಅಷ್ಟರಲ್ಲಿ ಪಟ್ಟೆವಾಲಾ ಒಂದು ತುದಿ ಎತ್ತಿಯೂ ಆಗಿತ್ತು. ಇನ್ನೊಂದು ತುದಿ ನಾನು ಹಿಡಿದೆ. ಅವಸರದಲ್ಲಿ ಹಾರದ ನೆನಪು ಯಾರಿಗೂ ಆಗಲಿಲ್ಲ.

ಗುಡಿಸಲಿನೊಳಗೆ ಮುದುಕಿ ಹೊರಸಿನ ಮೇಲೆ ಕಂಬಳಿ ಹೊದ್ದು ಮಲಗಿದ್ದಳು. ನೀರು ಹೊರಸಿನ ಹಗ್ಗಕ್ಕೆ ಹತ್ತಿತ್ತು. ಎರಡು ಕೋಲು, ನಡುವೆ ಬಟ್ಟೆ, ಮೇಲೆ ಕುಂಕುಮ, ಉದ್ದಕ್ಕೂ ಹೂವಿನ ಹಾರ. ಹೊತ್ತು ತಂದ ಗಂಡಸರು ಇಬ್ಬರು. ಮುದುಕಿ ಎಲ್ಲವನ್ನೂ ಒಂದೊಂದಾಗಿ ನೋಡಿದಳು.

“ಏ ತಮ್ಮಾ, ನಾ ಇನ್ನೂ ಉಸಿರಾಡಾಕತ್ತೇನಿ,” ಅಂದಳು. “ಇಷ್ಟ್ಯಾಕ ಅವಸರ?”

ಇದು ಚಟ್ಟವಲ್ಲ, ಸರಕಾರದ್ದು ಎಂದು ಸೊಸೆ ಕಿವಿಯ ಹತ್ತಿರ ಕೂಗಿ ಹೇಳಿದಳು. ಮುದುಕಿಗೆ ಇದರಿಂದ ಸಮಾಧಾನವೇನೂ ಆಗಲಿಲ್ಲ. ಹಾರ ಹಾಕಿದ್ದರ ಮೇಲೆ ತಾನು ಜೀವಂತ ಏರುವಾಕೆಯಲ್ಲ ಎಂದು ಕಂಬಳಿ ಬಿಗಿಹಿಡಿದಳು. ಆಗ ನಾನು, ಬೆಳಿಗ್ಗೆ ಮಂತ್ರ ಹೇಳಿ ಹಾಕಿದ್ದ ಹಾರವನ್ನು ಕೈಯಾರೆ ಕಿತ್ತು ನೀರಿಗೆ ಬಿಟ್ಟು, ಅಂಗಿಯ ತೋಳಿನಿಂದ ಕುಂಕುಮ ಒರೆಸಿದೆ. ನನ್ನ ಇಡೀ ಸೇವಾವಧಿಯಲ್ಲಿ ಕಡತ ಇಲ್ಲದೆ ತೆಗೆದುಕೊಂಡ ನಿರ್ಣಯ ಅದೊಂದೇ. ಮುದುಕಿ ಕಂಬಳಿ ಸಡಿಲಬಿಟ್ಟಳು, ಮೂವರೂ ಸೇರಿ ಎತ್ತಿ ಮಲಗಿಸಿದೆವು. ದಿಬ್ಬದ ಶಾಲೆ ಮುಟ್ಟುವವರೆಗೆ, ಹಿಂದಿನವನು ಚಲೋ ಹಿಡಿದಿದ್ದಾನೆ, ಮುಂದಿನವನಿಗೇ ನಡೆಯಲು ಬರುವುದಿಲ್ಲ ಎಂದು ಹೇಳುತ್ತಲೇ ಇದ್ದಳು. ಮುಂದಿದ್ದವನು ನಾನು.

ಹೊರಸು ನೀರಿನಲ್ಲಿ ಹೋಯಿತು. ಗುಡಿಸಲುಗಳು ದಿಬ್ಬದ ಇಳಿಜಾರಿಗೆ ಎದ್ದುಬಂದವು. ಸ್ಟ್ರೆಚರ್ ನಾಲ್ಕು ಚಿರೇಕಲ್ಲುಗಳ ಮೇಲೆ ಮುದುಕಿಯ ಮಂಚವಾಯಿತು. ನಾನು ವಾಪಸು ಕೇಳಲಿಲ್ಲ. ಕೇಳಬೇಕೆಂದು ಎರಡು ಸಲ ಹೋಗಿ ಚಹಾ ಕುಡಿದು ಬಂದೆ.

ತಪಾಸಣೆಯ ಸಾಹೇಬರು ಫೆಬ್ರುವರಿಯಲ್ಲಿ ಬಂದರು. ಬಕೆಟ್ಟು, ಹಗ್ಗ ಎಣಿಸಿ, ಸ್ಟ್ರೆಚರ್ ಎಲ್ಲಿ ಅಂದರು. ಮೂರು ಉತ್ತರ ತಯಾರಿಟ್ಟುಕೊಂಡಿದ್ದೆ. ಮೂರನ್ನೂ ಬದಿಗಿಟ್ಟೆ. ಅವರನ್ನು ದಿಬ್ಬಕ್ಕೆ ಕರೆದುಕೊಂಡು ಹೋದೆ. ಅವರು ಮರಾಠಿಯಲ್ಲಿ, ಅಜ್ಜಿ, ಇದು ನಿಮ್ಮದೇ ಎಂದು ಕೇಳಿದರು.

“ನಂದಲ್ಲಪ್ಪಾ, ಸರಕಾರದ್ದು. ಯಾರೂ ಒಯ್ಯಬಾರದಂತ ಮ್ಯಾಲ ಮಲಗಿ ಕಾಯಾಕತ್ತೇನಿ.”

ನಾನು ಅನುವಾದಿಸಿದೆ. ಸಾಹೇಬರು ಮುಖದ ಒಂದು ಗೆರೆಯನ್ನೂ ಅಲುಗಿಸದೆ ಪೆನ್ನು ತೆಗೆದು ಬರೆದರು: ಸ್ಟ್ರೆಚರ್ ಒಂದು, ನೆರೆಪೀಡಿತ ಸ್ಥಳದ ಸಮೀಪ, ಸಿದ್ಧಸ್ಥಿತಿಯಲ್ಲಿ, ಕಾವಲಿನಲ್ಲಿ ಇರಿಸಲಾಗಿದೆ.

ಮುಂದಿನ ಅನುದಾನವೂ ಬಂತು. ಅರ್ಜಿಯಲ್ಲಿ ನಾನು ಭೂಕಂಪವನ್ನು ಕೈಬಿಟ್ಟು ಇನ್ನೊಂದು ಸ್ಟ್ರೆಚರ್ ಕೇಳಿದ್ದೆ. ಆ ವರ್ಷದ ಖಂಡೇನವಮಿಗೆ ಹಳೆಯದಕ್ಕೂ ಪೂಜೆ ತಪ್ಪಿಸಲಿಲ್ಲ. ದಿಬ್ಬಕ್ಕೇ ಹೋಗಿ ಮಾಡಿ ಬಂದೆ. ಹಾರ ಇಲ್ಲ. ಕುಂಕುಮ ಮಾತ್ರ, ಅದೂ ಕೋಲಿನ ಕೆಳಬದಿಗೆ, ಮುದುಕಿಗೆ ಕಾಣದ ಹಾಗೆ.