ಗ್ರೋವ್ ಸ್ಟ್ರೀಟಿನ ರೆಕಾರ್ಡು

ಧಾರವಾಡದ ಇಂಜಿನಿಯರ್ ದಿವಾಕರ ದೇಸಾಯಿ ನ್ಯೂಅರ್ಕಿನ ಪಕ್ಕದ ಊರಾದ ಈಸ್ಟ್ ಆರೆಂಜಿನ ಗ್ರೋವ್ ಸ್ಟ್ರೀಟಿನಲ್ಲಿ ಮಹಡಿಯ ಮೇಲೊಂದು ಕೋಣೆ ಬಾಡಿಗೆಗೆ ಹಿಡಿದಾಗ, ಕೆಳಗಿನ ಮನೆಯಲ್ಲಿ ಬ್ಯಾಂಡ್ ಇದೆಯೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಮೊದಲ ಶನಿವಾರವೇ ಕಾಲಡಿಯ ಹಲಗೆಗಳು ನಡುಗಿದವು. ಮನೆಯೊಡತಿ ಮಿಸೆಸ್ ಗ್ಯಾಸ್ಕಿನ್ ಚರ್ಚಿನಲ್ಲಿ ಆರ್ಗನ್ ನುಡಿಸುವಾಕೆ. ದೊಡ್ಡ ಮಗ ಕಾರ್ಲ್‌ಟನ್ ಬಾಸ್ ಗಿಟಾರ್, ಚಿಕ್ಕವನು ಡ್ರಮ್, ಮಗಳು ಲೊರೇನ್ ಹಾಡು. ಅಡುಗೆಮನೆಯ ಮೇಜನ್ನು ಗೋಡೆಗೆ ಸರಿಸಿ ಅಲ್ಲೇ ಅಭ್ಯಾಸ. ದೂರು ಹೇಳಲು ಕೆಳಗಿಳಿದ ದಿವಾಕರ ಬಾಗಿಲಲ್ಲೇ ನಿಂತುಬಿಟ್ಟ. ಲೊರೇನ್ ಒಂದು ಸಾಲು ಹಾಡುತ್ತಿದ್ದಳು, ತಾಯಿ ಆರ್ಗನ್ನಿನಲ್ಲಿ ಅದಕ್ಕೆ ಉತ್ತರ ಕೊಡುತ್ತಿದ್ದಳು, ಬಾಸಿನ ಪೆಟ್ಟು ಪ್ರತಿ ಆವರ್ತದ ಮೊದಲ ಮಾತ್ರೆಗೆ ಗುದ್ದಿದಂತೆ ಬೀಳುತ್ತಿತ್ತು. "ಸದ್ದಾಯಿತೇ?" ಎಂದಳು ತಾಯಿ. "ಇಲ್ಲ, ಮೇಡಂ" ಎಂದ.

ಎರಡು ವರ್ಷದ ಮೇಲೆ, ಸಾವಿರದ ಒಂಬೈನೂರ ಎಪ್ಪತ್ತೈದರಲ್ಲಿ, ಅವರ ಒಂದೇ ಒಂದು ಆಲ್ಬಮ್ ಬಂತು. ಹೆಸರು 'ಗ್ರೋವ್ ಸ್ಟ್ರೀಟ್ ಕಿಚನ್'. ನ್ಯೂಅರ್ಕಿನ ರೇಡಿಯೋದಲ್ಲಿ ಒಂದು ಬೇಸಿಗೆ ಕೇಳಿಸಿತು, ಆಮೇಲೆ ಕೇಳಿಸಲಿಲ್ಲ. ದಿವಾಕರ ವಾರವಿಡೀ ಸೇತುವೆಗಳ ಲೆಕ್ಕ ಹಾಕಿ, ಶುಕ್ರವಾರ ಸಂಜೆ ಅವರ ವ್ಯಾನ್ ಓಡಿಸುತ್ತಿದ್ದ. ಫಿಲಡೆಲ್ಫಿಯಾ, ಬಾಲ್ಟಿಮೋರ್, ರಿಚ್ಮಂಡ್. ವ್ಯಾನಿನಲ್ಲೇ ಅವನಿಗೂ ಲೊರೇನಳಿಗೂ ಮಾತು ಬೆಳೆದು ಮದುವೆಯಾಯಿತು. ಧಾರವಾಡದಲ್ಲಿ ಅವ್ವ ಮೂರು ತಿಂಗಳು ಅತ್ತು, ನಾಲ್ಕನೇ ತಿಂಗಳು ಇಳಕಲ್ ಸೀರೆ ಕಳಿಸಿದಳು.

ಮದುವೆಯಾದ ಮರುವರ್ಷ ಲೊರೇನ್ ಬ್ಯಾಂಡ್ ಬಿಟ್ಟು ಗಂಡನೊಂದಿಗೆ ಓಲ್ಡ್ ಬ್ರಿಡ್ಜ್ ಎಂಬ ಊರಿಗೆ ಹೋದಳು. ಹಾಡುವವಳಿಲ್ಲದೆ ಬ್ಯಾಂಡ್ ನಿಂತಿತು. ತಂಗಿಯ ದನಿಯನ್ನು ಇಂಜಿನಿಯರು ಓಲ್ಡ್ ಬ್ರಿಡ್ಜಿಗೆ ಹೊತ್ತುಕೊಂಡು ಹೋದ ಎಂದು ಕಾರ್ಲ್‌ಟನ್ ಊರೆಲ್ಲ ಹೇಳಿದ. ತಾಯಿಯ ಅಂತ್ಯಕ್ರಿಯೆಯಲ್ಲೂ ಅವನು ದಿವಾಕರನ ಕೈ ಮುಟ್ಟಲಿಲ್ಲ. ಲೊರೇನ್ ಶಾಲೆಯಲ್ಲಿ ಮಕ್ಕಳಿಗೆ ಸಂಗೀತ ಕಲಿಸಿದಳು, ಮಗಳು ನಂದಿತಾಳನ್ನು ಬೆಳೆಸಿದಳು, ಜೋಳದ ರೊಟ್ಟಿ ತಟ್ಟುವುದನ್ನು ಕಲಿತು ಸಾಕಾಗಿ ಬಿಟ್ಟಳು. ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಒಮ್ಮೆ ಹೋದಾಗ ಯಾರೋ ಆಂಟಿ, "ನಿಮ್ಮ ಮಿಸೆಸ್ಸು ಹುಳಿ ಮಾಡ್ತಾರಾ?" ಎಂದು ಲೊರೇನಳ ಎದುರಿಗೇ ದಿವಾಕರನನ್ನು ಕೇಳಿದರು. "ಮಾಡ್ತೀನ್ರಿ, ಆದ್ರ ಉಪ್ಪು ಜಾಸ್ತಿ" ಎಂದು ಗಂಡನಿಂದ ಕಲಿತ ಕನ್ನಡದಲ್ಲಿ ಲೊರೇನಳೇ ಹೇಳಿದಳು. ಆಮೇಲೆ ಇಬ್ಬರೂ ಅಲ್ಲಿಗೆ ಹೋಗುವುದು ಕಡಿಮೆಯಾಯಿತು. ಸಿಟ್ಟಿನಿಂದೇನಲ್ಲ. ಎಲ್ಲ ಕಡೆ ಎಲ್ಲರಿಗೂ ತಮ್ಮನ್ನು ವಿವರಿಸಿ ಹೇಳುವ ಕೆಲಸ ದಣಿಸುತ್ತದೆ.

ಕಳೆದ ವರ್ಷ ಆ ರೆಕಾರ್ಡು ಹೇಗೋ ಎದ್ದು ಕೂತಿತು. ಹುಡುಗರು ಫೋನಿನ ವೀಡಿಯೋಗಳಲ್ಲಿ ಅದಕ್ಕೆ ಕುಣಿದರು. ಬ್ರೂಕ್ಲಿನ್ನಿನ ಒಂದು ಸಣ್ಣ ಕಂಪನಿ ಅದನ್ನು ಮತ್ತೆ ಅಚ್ಚು ಹಾಕಿಸಿ, ಆ ಕಾಲದ ಕುಣಿತದ ಸಂಗೀತದ ಹೆಸರು ಹಿಡಿದು 'ಸೋಲ್–ಫಂಕ್ ಕ್ಲಾಸಿಕ್' ಎಂದು ಹೊದಿಕೆಯ ಮೇಲೆ ಬರೆಯಿತು. ನ್ಯೂಅರ್ಕಿನಲ್ಲಿ ಒಂದು ಮಧ್ಯಾಹ್ನ ಇಡೀ ಆಲ್ಬಮ್ ಹಾಡಬೇಕೆಂದು ಕೇಳಿದರು. ಬ್ಯಾಂಡಿನವರಲ್ಲಿ ಬದುಕಿ ಉಳಿದಿದ್ದವರು ಇಬ್ಬರೇ: ಎಪ್ಪತ್ನಾಲ್ಕರ ಲೊರೇನ್, ಎಪ್ಪತ್ತೆಂಟರ ಕಾರ್ಲ್‌ಟನ್.

ಮನ್ರೋದಲ್ಲಿರುವ ನಂದಿತಾ ಫೋನ್ ಮಾಡಿದಳು. "ಅಪ್ಪಾ, ದಿಸ್ ಈಸ್ ಹ್ಯೂಜ್. ಮಾಮ್ ನೋ ಅಂದ್ರೆ ನೀನೇ ಕನ್ವಿನ್ಸ್ ಮಾಡು."

"ಆಕಿಗೆ ಮೆಟ್ಲ ಹತ್ತಿದ್ರ ದಮ್ಮ ಬರ್ತೈತವಾ."

"ಜಸ್ಟ್ ಒನ್ಸ್, ಅಪ್ಪಾ."

ಲೊರೇನ್ ನೋ ಅನ್ನಲಿಲ್ಲ. ಹೂಂ ಎಂದಳು, ಡಾಕ್ಟರ್ ಅಪಾಯಿಂಟ್‌ಮೆಂಟಿಗೆ ಒಪ್ಪಿದಂತೆ.

ಅಭ್ಯಾಸ ಈಸ್ಟ್ ಆರೆಂಜಿನ ಚರ್ಚೊಂದರ ನೆಲಮಾಳಿಗೆಯಲ್ಲಿ. ಪಾರ್ಕ್‌ವೇ ಹೆದ್ದಾರಿಯ ತುಂಬ ಟ್ರಾಫಿಕ್. ಎಪ್ಪತ್ತಾರರ ದಿವಾಕರನ ಬೆನ್ನು ಕಾರಿನಿಂದ ಇಳಿಯುವಷ್ಟರಲ್ಲಿ ಹಲಗೆಯಾಗಿತ್ತು. ಕಾರ್ಲ್‌ಟನ್ ಮೊದಲೇ ಬಂದು ಮಡಿಸುವ ಕುರ್ಚಿಯಲ್ಲಿ ಕೂತಿದ್ದ. ಸಂಧಿವಾತದಿಂದ ಬೆರಳುಗಳು ಸೊಟ್ಟಗಾಗಿ, ಗಿಟಾರ್ ಮುಟ್ಟಿ ವರ್ಷಗಳಾಗಿದ್ದವು. ಬಾಡಿಗೆಗೆ ಬಂದಿದ್ದ ವಾದ್ಯದವರು ನುಡಿಸುವಾಗ ತಲೆಯಾಡಿಸಿ ತಪ್ಪು ಹೇಳುವುದಷ್ಟೇ ಈಗ ಅವನ ಕೆಲಸ.

ಎರಡನೇ ಹಾಡಿನಲ್ಲೇ ಲೊರೇನಳ ದನಿ ಮೇಲಿನ ಸ್ವರಕ್ಕೆ ಹೋಗಿ ಮುರಿಯಿತು. ಇನ್ನೊಮ್ಮೆ ಹಾಡಿದಳು. ಇನ್ನೊಮ್ಮೆ ಮುರಿಯಿತು.

"ಶ್ರುತಿ ಇಳಿಸೋಣ" ಎಂದಳು.

"ಅಮ್ಮ ನುಡಿಸಿದ್ದು ಈ ಶ್ರುತಿಯಲ್ಲಿ" ಎಂದ ಕಾರ್ಲ್‌ಟನ್. "ಇಳಿಸಿದರೆ ಅದು ಆ ಹಾಡಲ್ಲ."

ಲೊರೇನ್ ಮೂರನೇ ಸಲ ಹಾಡಿ, ಕೆಮ್ಮಿ, ಗೋಡೆ ಹಿಡಿದು ನಿಂತಳು. "ಮತ್ತೆ" ಎಂದ ಕಾರ್ಲ್‌ಟನ್.

ಅಷ್ಟು ವರ್ಷ ಬಾಯಿ ಬಿಡದ ದಿವಾಕರ ಎದ್ದ. ಸಿಟ್ಟು ಬಂದಾಗ ಅವನಿಗೆ ಇಂಗ್ಲಿಷ್ ಹತ್ತಿರ ಸುಳಿಯುವುದಿಲ್ಲ. "ಎಪ್ಪತ್ನಾಕು ಆತು ಆಕಿಗೆ! ಸತ್ತ ತಾಯಿ ಸಲುವಾಗಿ ಇದ್ದ ತಂಗೀನ ಕೊಲ್ಲತಿಯೇನೋ, ಕ್ವಾಣಾ!"

ವಾದ್ಯದವರು ನಿಲ್ಲಿಸಿದರು. "ಏನಂತಾನೆ?" ಎಂದು ಕಾರ್ಲ್‌ಟನ್ ತಂಗಿಯನ್ನು ಕೇಳಿದ.

"ನಿನ್ನನ್ನು ಗಂಡು ಎಮ್ಮೆ ಅಂದ" ಎಂದಳು ಲೊರೇನ್. "ಉಳಿದದ್ದು ಬೇಡ."

ಕಾರ್ಲ್‌ಟನ್ ದಿವಾಕರನತ್ತ ಸೊಟ್ಟ ಬೆರಳು ತೋರಿಸಿದ. "ನಿನ್ನನ್ನು ನಮ್ಮಿಂದ ಕಿತ್ತುಕೊಂಡವನು ಇವನೇ" ಎಂದ.

ಲೊರೇನ್ ನಿಧಾನವಾಗಿ ಅಣ್ಣನ ಪಕ್ಕ ಕೂತಳು. "ಇವನಲ್ಲ, ಕಾರ್ಲ್. ಇನ್ನೂ ಒಂದು ವರ್ಷ ಹಾಡು ಅಂತ ಇವನೇ ಹೇಳಿದ್ದು. ನಾನು ದಣಿದಿದ್ದೆ. ಇಪ್ಪತ್ತೇಳನೇ ವಯಸ್ಸಿಗೇ ಆ ವ್ಯಾನು, ಆ ಹೋಟೆಲು, ಅಮ್ಮನ ಕಣ್ಣು, ನಿನ್ನ 'ಮತ್ತೆ', ಎಲ್ಲ ಸಾಕಾಗಿತ್ತು. ಅಮ್ಮನಿಗೆ ಹೇಳಲು ಧೈರ್ಯ ಬರಲಿಲ್ಲ. ಎಲ್ಲರೂ ಇವನನ್ನು ಬೈದರು, ನಾನು ಸುಮ್ಮನಿದ್ದೆ. ಅದು ಸುಲಭವಾಗಿತ್ತು."

ಕಾರ್ಲ್‌ಟನ್ ಆಮೇಲೆ ದಿವಾಕರನತ್ತ ತಿರುಗಿದ. "ನಿನಗೆ ಗೊತ್ತಿತ್ತು?"

"ಗೊತ್ತಿತ್ತು."

"ಯಾಕೆ ಹೇಳಲಿಲ್ಲ?"

"ನೀನು ಅವಳ ಅಣ್ಣ. ನಿನ್ನ ಸಿಟ್ಟು ನನ್ನ ಮೇಲೇ ಇರಲಿ ಅಂದುಕೊಂಡೆ" ಎಂದ ದಿವಾಕರ.

ಅಂದು ಮತ್ತೆ ಅಭ್ಯಾಸ ನಡೆಯಲಿಲ್ಲ. ತಾನು ಹಾಡುವುದಿಲ್ಲ ಎಂದು ಲೊರೇನ್ ಕಂಪನಿಯವರಿಗೆ ಫೋನ್ ಮಾಡಿದಳು. ಅವರು ಬೇಡಿಕೊಂಡರು, ಅವಳು ಜಗ್ಗಲಿಲ್ಲ. ಟಿಕೆಟ್ ಮಾರಾಟವಾಗಿಬಿಟ್ಟಿವೆ ಎಂದಾಗ, "ಹಾಗಾದರೆ ರೆಕಾರ್ಡ್ ಹಾಕಿ, ನಾವು ಬಂದು ಕೂರುತ್ತೇವೆ" ಎಂದಳು.

ಹಾಗೇ ಆಯಿತು. ವೇದಿಕೆಯ ಮೇಲೆ ಒಂದು ಮೇಜು, ಅದರ ಮೇಲೆ ರೆಕಾರ್ಡ್ ತಿರುಗಿಸುವ ಯಂತ್ರ, ಎರಡು ದೊಡ್ಡ ಸ್ಪೀಕರ್. ಕೆಲವರು ಗೊಣಗಿ ದುಡ್ಡು ವಾಪಸ್ ಪಡೆದು ಹೋದರು. ಹೆಚ್ಚಿನವರು ಉಳಿದರು. ಮೊದಲ ಸಾಲಿನಲ್ಲಿ ಲೊರೇನ್ ನಡುವೆ, ಅಣ್ಣ ಎಡಕ್ಕೆ, ಗಂಡ ಬಲಕ್ಕೆ ಕೂತರು. ತಮ್ಮದೇ ಆಲ್ಬಮನ್ನು ಆ ಅಣ್ಣ ತಂಗಿ ಸುಮ್ಮನೆ ಕೂತು ಕೇಳಿದ್ದು ಅದೇ ಮೊದಲು. ಮೊದಲೆಲ್ಲ ಎಲ್ಲಿ ತಪ್ಪಿತು ಎಂದು ಹುಡುಕುತ್ತಾ ಕೇಳಿದ್ದೇ ಆಗಿತ್ತು.

ತಾಯಿಯ ಆರ್ಗನ್ ಬಂದಾಗ ಕಾರ್ಲ್‌ಟನ್ ತಲೆ ತಗ್ಗಿಸಿದ. "ಅವಸರ ಮಾಡ್ತಿದ್ದಾಳೆ" ಎಂದ ಮೆಲ್ಲಗೆ.

"ಯಾವಾಗಲೂ ಮಾಡ್ತಿದ್ದಳು" ಎಂದಳು ಲೊರೇನ್.

ಹಿಂದೆ ಜನ ಎದ್ದು ಕುಣಿಯುತ್ತಿದ್ದರು. ರೆಕಾರ್ಡಿನ ಎರಡನೇ ಮಗ್ಗುಲು ಶುರುವಾಗುವಷ್ಟರಲ್ಲಿ ದಿವಾಕರನಿಗೆ ನಿದ್ದೆ ಹತ್ತಿತ್ತು, ಬಾಯಿ ಅರೆತೆರೆದು. ನಂದಿತಾ ಹಿಂದಿನಿಂದ ಬಗ್ಗಿ ಎಬ್ಬಿಸಹೋದಳು. ಕಾರ್ಲ್‌ಟನ್ ಸೊಟ್ಟ ಕೈ ಎತ್ತಿ ತಡೆದ. "ಬಿಡು. ಅಷ್ಟು ದೂರ ಓಡಿಸಿದ್ದಾನೆ."

ಈಗ ಕಾರ್ಲ್‌ಟನ್ ಕೆಲವು ಭಾನುವಾರ ಓಲ್ಡ್ ಬ್ರಿಡ್ಜಿಗೆ ಬರುತ್ತಾನೆ. ಮಾತು ಹೆಚ್ಚಿಲ್ಲ. ಟೀವಿಯಲ್ಲಿ ಫುಟ್‌ಬಾಲ್ ನೋಡುತ್ತಾರೆ. ದಿವಾಕರ ಮಾಡಿದ ಕಡಲೆಹಿಟ್ಟಿನ ಜುಣಕ ಅವನಿಗೆ ಖಾರ, ಆದರೂ ತಿನ್ನುತ್ತಾನೆ. ಅವನು ಹೊರಟ ಮೇಲೆ ಗಂಡಹೆಂಡಿರು ಪಾತ್ರೆಗಳನ್ನು ಸಿಂಕಿನಲ್ಲೇ ಬಿಟ್ಟು ಸೋಫಾದ ಮೇಲೆ ಒರಗುತ್ತಾರೆ.

"ಮುಂದಿನ ವಾರವೂ ಬರ್ತಾನಂತೆ" ಎನ್ನುತ್ತಾಳೆ ಲೊರೇನ್.

"ಬರಲಿ" ಎನ್ನುತ್ತಾನೆ ದಿವಾಕರ, ಕಣ್ಣು ಮುಚ್ಚಿಕೊಂಡೇ.