ಅತ್ತೆಯವರ ರಕ್ತದ ಗುಂಪು

ನಾನು ಮದುವೆಯಾಗಿ ಜಮಖಂಡಿಗೆ ಬಂದಾಗ ಇನ್ನೂ ರಾಜರ ಆಳ್ವಿಕೆ ನಡೆದಿತ್ತು. ನಮ್ಮದು ಜೈನರ ಮನೆ. ಉಳ್ಳಾಗಡ್ಡಿ ಮುಟ್ಟದ, ಹೊತ್ತು ಮುಳುಗಿದ ಮೇಲೆ ಉಣ್ಣದ ನಮ್ಮ ರಕ್ತವೇ ಬೇರೆ ಎಂದು ಅತ್ತೆಯವರು ಬಂದವರಿಗೆಲ್ಲ ಹೇಳುತ್ತಿದ್ದರು.

ಒಂದು ಸಲ ಮಾವನವರ ಗೆಳೆಯರ ಮಗ ಪುಣೆಯಿಂದ ಬಂದ. ಡಾಕ್ಟರಿಕೆ ಓದುತ್ತಿದ್ದ ಅವನಿಗೆ ಯಾವ ಸಮಾಜದಲ್ಲಿ ಯಾವ ರಕ್ತದ ಗುಂಪು ಹೆಚ್ಚು ಎಂದು ನೋಡಬೇಕಿತ್ತು. ಬೆರಳಿನಿಂದ ಒಂದು ಹನಿ ರಕ್ತ ಕೇಳಿದ. ಎಲ್ಲರಿಗಿಂತ ಮೊದಲು ಅತ್ತೆಯವರೇ ಕೈ ಚಾಚಿದರು. ಆಮೇಲೆ ಮಾವನವರು, ಪಕ್ಕದ ಮನೆಯ ನೇಕಾರಗಿತ್ತಿ ಕೊಟ್ಟರು.

ಗಾಜಿನ ಪಟ್ಟಿ ನೋಡಿ ಹುಡುಗ ಹೇಳಿದ: “ಕಾಕೂ, ನಿಮ್ಮದು ಬಿ ಗುಂಪು. ಬಾಜೂ ಮನಿಯವರದೂ ಬಿ. ಕಾಕಾರದು ಎ.”

“ಏನೋ ತಪ್ಪಾಗೇತಿ, ಮತ್ತೊಮ್ಮಿ ನೋಡಪಾ,” ಎಂದರು ಅತ್ತೆ. ಅವನು ಮತ್ತೆ ನೋಡಿದ, ಬದಲಾಗಲಿಲ್ಲ.

“ಎಲ್ಲಾ ಗುಂಪೂ ಎಲ್ಲಾ ಮಂದ್ಯಾಗ ಇರ್ತಾವ್ರಿ. ಒಂದು ಸಮಾಜದಾಗ ಒಂದು ಹೆಚ್ಚು, ಇನ್ನೊಂದರಾಗ ಕಡಿಮಿ, ಅಷ್ಟ.”

ಅತ್ತೆ ಗಂಡನತ್ತ ತಿರುಗಿದರು. “ಅಂದ್ರ ಇಷ್ಟು ವರ್ಷ ಬ್ಯಾರೆ ರಕ್ತದವರ ಕೂಡ ಸಂಸಾರ ಮಾಡೇನಿ!”

“ಅದಕ್ಕ ನಮ್ಮಿಬ್ಬರದು ಒಂದು ಮಾತೂ ಕೂಡಿ ಬರಲಿಲ್ಲ,” ಎಂದು ಮಾವ ನಕ್ಕರು.

ಅಂದಿನಿಂದ ಮಾವನವರ ಮೇಲೆ ಸಿಟ್ಟು ಬಂದಾಗಲೆಲ್ಲ ಅತ್ತೆಯವರು ಪಕ್ಕದ ಮನೆಯ ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದರು. ನಾನು ಕರೆಯಲು ಹೋದರೆ, “ನಮ್ಮವರ ಮನಿಗೆ ಬಂದೇನಿ, ನಿನಗೇನ ತ್ರಾಸ?” ಎನ್ನುವರು. ನೇಕಾರಗಿತ್ತಿ ಮಗ್ಗ ನಿಲ್ಲಿಸಿ ನನ್ನತ್ತ ಕಣ್ಣು ಮಿಟುಕಿಸುತ್ತಿದ್ದಳು.